ಹೊಳೆಗಳು ಮರಳಿನಡಿ ನೀರು ಬಚ್ಚಿಟ್ಟದ್ದು

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಆಗ ಎಲ್ಲರೂ ನಂಬಿದ್ದು ಒಂದೇ: ಮೋಡ ಮೇಲಿಂದ ನೋಡುತ್ತದೆ, ಯಾರ ಮಡಿಲು ಖಾಲಿಯೋ ಅವರಿಗೇ ಹೆಚ್ಚು ಸುರಿಯುತ್ತದೆ.

ಕೆಂಚಿ, ನೀಲಿ ಅಕ್ಕಪಕ್ಕದ ಹೊಳೆಗಳು. ಹೆಚ್ಚು ಮಳೆ ಸಿಕ್ಕವಳನ್ನು ಮೀನು, ಏಡಿ, ಕಪ್ಪೆಗಳೆಲ್ಲ ಸೇರಿ ಆ ವರ್ಷದ ಯಜಮಾನಿ ಮಾಡುತ್ತಿದ್ದವು. ಹಾಗಾಗಿ ಮಳೆಗಾಲ ಹತ್ತಿರ ಬಂತೆಂದರೆ ಇಬ್ಬರೂ ತಮ್ಮ ಬಡತನವನ್ನು ಸಿಂಗರಿಸುತ್ತಿದ್ದರು. ಮೋಡಕ್ಕೆ ಕಾಣಲೆಂದು ದಡದ ತುಂಬ ಖಾಲಿ ಕಪ್ಪೆಚಿಪ್ಪು ಹರಡುವುದು ಪದ್ಧತಿ.

ಕೆಂಚಿ ಎರಡು ವರ್ಷ ಸೋತಿದ್ದಳು. ಈ ಸಲವೂ ಸೋತರೆ ಅವಳ ಮೀನುಗಳೆಲ್ಲ ನೀಲಿಯ ಪಾಲು.

"ಚಿಪ್ಪು ಸಾಲದೇನೇ? ನನ್ನವು ಒಂದಷ್ಟು ಕೊಡಲಾ?" ಎಂದಳು ನೀಲಿ.

"ನೀನೇ ಇಟ್ಕೋ. ಮೈತುಂಬ ನೀರಿರೋಳು, ಮುಚ್ಚಿಕೊಳ್ಳೋಕೆ ಬೇಕಾಗುತ್ತೆ."

ಅವತ್ತೇ ಕೆಂಚಿ ತನ್ನ ನೀರನ್ನು ಮರಳಿನಡಿಗೆ ಇಳಿಸಿದಳು. ಅದನ್ನು ಕಂಡು ನೀಲಿಯೂ ಇಳಿಸಿದಳು. ಕೆಂಚಿಯಲ್ಲಿ ಒಂದು ಗುಂಡಿಯಷ್ಟು ನೀರು ಉಳಿಯಿತು. ಅದರಲ್ಲಿ ಬಾಳೆಮೀನಿನ ಸಂಸಾರ.

"ಅವ್ವಾ, ಮರಿಗಳು ಬಾಯಿ ಬಾಯಿ ಬಿಡ್ತಿವೆ," ಎಂದಿತು ತಾಯಿಮೀನು.

"ಇವತ್ತೊಂದು ದಿನ ತಡಿಯೇ ತಾಯಿ. ನಿಮಗೋಸ್ಕರಾನೇ ಮಾಡ್ತಿರೋದು."

"ನಮಗೋಸ್ಕರ ಆದ್ರೆ ನೀರು ಕೊಡು."

ಕೆಂಚಿ ಆಕಾಶದ ಕಡೆ ನೋಡಿದಳು. ಅವಳು ಕೆಟ್ಟವಳಲ್ಲ. ಹೆದರಿದ್ದಳು, ಅಷ್ಟೆ.

ಮಧ್ಯಾಹ್ನ ಮೋಡ ಬಂತು. ಒಣಗಿದ ಕೆಂಚಿಯನ್ನು ದಾಟಿತು. ಒಣಗಿದ ನೀಲಿಯನ್ನೂ ದಾಟಿತು. ಆಚೆ, ಆಗಲೇ ತುಂಬಿ ಕೋಡಿ ಬಿದ್ದಿದ್ದ ಕೆರೆಯ ಮೇಲೆ ಮನಸಾರೆ ಸುರಿಯಿತು.

ಕೆಂಚಿಗೆ ಯಜಮಾನಿಕೆ ಮರೆತೇಹೋಯಿತು. "ಮರಳಣ್ಣಾ, ನನ್ನ ನೀರು ಕೊಡು, ಬೇಗ!"

"ಬಚ್ಚಿಡೋದು ನನಗೆ ಗೊತ್ತು ಕಣಮ್ಮ. ಮೇಲೆತ್ತೋದು ಗೊತ್ತಿಲ್ಲ. ಯಾರಾದರೂ ತೋಡಬೇಕು."

ಕೆಂಚಿ ಕೂಗಿದಳು, ಕೂಗುತ್ತಲೇ ಇದ್ದಳು. ಬಾಯಾರಿ ಅಲೆಯುತ್ತಿದ್ದ ನರಿಯೊಂದು ಬಂದು ಗುಂಡಿಯ ಪಕ್ಕ ಪರಪರ ಕೆರೆಯಿತು. ನೀರು ಜಿನುಗಿತು, ಮೆಲ್ಲಗೆ ಗುಂಡಿಗೆ ಹರಿಯಿತು. ಮರಿಗಳು ಬಾಲ ಬಡಿದವು. ಎಲ್ಲ ಮರಿಗಳೂ ಅಲ್ಲ.

ಇವತ್ತಿಗೂ ಬೇಸಿಗೆಯಲ್ಲಿ ಒಣಗಿದ ಹೊಳೆಗೆ ಇಳಿದು ಮೊಳದಷ್ಟು ಮರಳು ತೋಡಿದರೆ ನೀರು ಬರುತ್ತದೆ. ಹೊಳೆಗಳು ಇನ್ನೂ ಬಚ್ಚಿಡುತ್ತಲೇ ಇವೆ, ಆಕಾಶ ನೋಡುತ್ತಲೇ ಇವೆ.

ಮೋಡಕ್ಕೆ ಕಣ್ಣಿಲ್ಲ.