ಜಡೆಕೆರೆ

ಕಾಡಂಚಿನ ಜಡೆಕೆರೆಗೆ ಈಗ ಡಾಂಬರು ರಸ್ತೆಯಿದೆ. ಶಿವನ ಜಡೆಯ ಎಳೆಯೊಂದು ಇಲ್ಲಿ ಬಿದ್ದಿತೆಂದು ಏರಿಯ ಮೇಲೆ ಹಲಗೆ ಬರೆಸಿ ಹಾಕಿದ್ದಾರೆ. ಕಾರಣ ಗೊತ್ತಿಲ್ಲದ್ದಕ್ಕೆಲ್ಲ ಶಿವನನ್ನು ಹೊಣೆ ಮಾಡುವುದು ನಮ್ಮವರಿಗೆ ಸುಲಭ. ಪಕ್ಕದ ಕಾಡುಜನರ ಹಾಡಿಯ ಹಿರಿಯರು ಆ ಹಲಗೆ ನೋಡಿ ಸುಮ್ಮನೆ ನಗುತ್ತಾರೆ. ಕೇಳಿದರೆ ಮಾತ್ರ ಕೆರೆಯಾಚೆಯ ಸೂರಿಲ್ಲದ ಗೋಡೆಗಳತ್ತ ಕೈ ತೋರಿಸಿ, ಕೇತಿಯ ಹೆಸರು ಹೇಳುತ್ತಾರೆ.

ಹಿಂದೆ ಒಮ್ಮೆ, ಪರಂಗಿ ದೊರೆಗಳ ಕಾಲದಲ್ಲಿ, ಆ ಗೋಡೆಗಳ ನಡುವೆ ಒಂದು ವಸತಿ ಶಾಲೆಯಿತ್ತು. ಕಾಡಿನ ಮಕ್ಕಳನ್ನು ಮನುಷ್ಯರನ್ನಾಗಿ ಮಾಡುತ್ತೇವೆಂದು ಶಾಲೆಯವರು ಗಾಡಿ ಕಟ್ಟಿಕೊಂಡು ಬಂದರಂತೆ. ಅದುವರೆಗೆ ಆ ಮಕ್ಕಳು ಏನಾಗಿದ್ದರೆಂದು ಯಾರೂ ಕೇಳಲಿಲ್ಲ. ಕೇತಿಯ ಒಬ್ಬಳೇ ಮಗಳು ಜಾಜಿಯೂ ಆ ಗಾಡಿ ಹತ್ತಬೇಕಾಯಿತು. ಶಾಲೆಯಲ್ಲಿ ಮೊದಲ ದಿನವೇ ಮಕ್ಕಳ ತಲೆ ಬೋಳಿಸಿ, ಹೆಸರು ಬದಲಿಸಿದರು. ಹಾಡಿಯ ಮಾತಾಡಿದರೆ ಬೆತ್ತ. ಮಳೆಗಾಲ ಕಳೆದು ಕೇತಿ ಮಗಳನ್ನು ಕಾಣಲು ಬಂದಾಗ, ಜಾಜಿ ಎಂಬುವಳು ಇಲ್ಲಿ ಯಾರೂ ಇಲ್ಲವೆಂದು ಮೇಷ್ಟರು ಬಾಗಿಲು ಹಾಕಿಕೊಂಡರು. ಕಾವಲುಗಾರ ಚೌಡನಿಗೆ ಮನಸ್ಸು ತಡೆಯಲಿಲ್ಲ. "ಜ್ವರದಲ್ಲಿ ಹೋಗ್ಬುಟ್ಲು ಕಣವ್ವ. ಅವಳಂಗೇ ಇನ್ನೂ ಎಷ್ಟೋ ಮಕ್ಕಳು. ಎಲ್ಲಿ ಹೂತರೋ ಕಾಣೆ. ಬೋಳಿಸಿದ ಕೂದಲು ಮಾತ್ರ ನಾನೇ ಕೆರೆಗೆ ಹಾಕಿದ್ದೆ," ಎಂದ.

ಕೇತಿ ಕೆರೆಯತ್ತ ನಡೆದಳು. ಆ ಹಾಡಿಯಲ್ಲಿ ತೀರಿಕೊಂಡ ಮಗುವಿನ ತಲೆಯನ್ನು ತಾಯಿ ಬಾಚಿ ಹೆಣೆದ ಮೇಲೆಯೇ ಮಣ್ಣು ಮಾಡುವುದು. ಇಲ್ಲದಿದ್ದರೆ ಜೀವ ದಾರಿ ಹಿಡಿಯದೆ ಕಾಯುತ್ತ ಕೂರುತ್ತದೆ ಎನ್ನುತ್ತಾರೆ. ಅವಳು ದಡದ ಕಲ್ಲಿನ ಮೇಲೆ ಕೂತು ನೀರಿಗೆ ಕೈಯಿಟ್ಟಳು. ಕಪ್ಪು ಪಾಚಿಯ ಎಳೆಗಳು ಬೆರಳಿಗೆ ಸುತ್ತಿಕೊಂಡವು. ಅದೇ ಸುರುಳಿ, ಅದೇ ಸಿಕ್ಕು. ಮಡಿಲಿನಿಂದ ಮರದ ಬಾಚಣಿಗೆ ತೆಗೆದು ಬಾಚತೊಡಗಿದಳು. ನೀರಿನೊಳಗಿಂದ ಯಾರೋ ಅವಳ ಕೈಗೆ ತಲೆ ಒರಗಿಸಿದಂತೆ ಭಾರ ಬಂತು. ನಿದ್ದೆ ಬಂದಾಗ ಜಾಜಿ ಹಾಗೆಯೇ ಒರಗುತ್ತಿದ್ದಳು. ಹೆಣೆದು ಮುಗಿಸಿ ಕೈ ಬಿಟ್ಟಾಗ ಜಡೆ ಮೆಲ್ಲಗೆ ಮುಳುಗಿತು. ಅವಳು ಏಳುವಷ್ಟರಲ್ಲಿ ಇನ್ನೊಂದು ಎಳೆ ಬಂದು ಕೈಗೆ ತಾಗಿತು, ಅದರ ಹಿಂದೆ ಮತ್ತೊಂದು. ಕರೆದೊಯ್ಯಲು ಬಂದ ಗಂಡನ ಕಡೆ ಅವಳು ತಿರುಗಿಯೂ ನೋಡಲಿಲ್ಲ. "ತಡಿ, ಇನ್ನೂ ಮಕ್ಕಳು ಸಾಲಾಗಿ ಕೂತವೆ," ಎಂದಳಂತೆ. ಅವನು ಹೆದರಿ ಹಾಡಿಯವರನ್ನು ಕರೆತರುವಷ್ಟರಲ್ಲಿ ಕಲ್ಲಿನ ಮೇಲೆ ಬಾಚಣಿಗೆಯೊಂದೇ ಇತ್ತು.

ಶಾಲೆ ಮುಚ್ಚಿ ಎಷ್ಟೋ ಕಾಲವಾಯಿತು. ದಡದ ಹತ್ತಿರದ ಪಾಚಿ ಇಂದಿಗೂ ಜಡೆ ಹೆಣೆದಂತೆಯೇ ಇರುತ್ತದೆ. ಬಂದವರು ನೋಡಿ ಬೆರಗಾಗಿ ಫೋಟೋ ತೆಗೆದುಕೊಳ್ಳುತ್ತಾರೆ. ಹಾಡಿಯ ತಾಯಂದಿರು ಕಲ್ಲಿನ ಮೇಲೆ ಹೊಸ ಬಾಚಣಿಗೆ ಇಟ್ಟು, ಹಲ್ಲು ಸವೆದ ಹಳೆಯದನ್ನು ತೆಗೆದುಕೊಂಡು ಹೋಗುತ್ತಾರೆ. ಗಾಳಿ ಯಾವ ಕಡೆ ಬೀಸಿದರೂ, ಹೆಣೆಯದ ಎಳೆಗಳು ಆ ಕಲ್ಲಿನ ಕಡೆಗೇ ಬರುತ್ತಿರುತ್ತವೆ.