ಮಾವಿನ ಚಿಗುರಿಗೆ ಬಂದ ಕಾಯಿಲೆ

ಚೈತ್ರದ ಮೊದಲ ವಾರ ಹಿತ್ತಿಲ ಮಾವಿನ ಗಿಡ ಕೆಂಪಗೆ ಚಿಗುರಿತು. ಪಕ್ಕದಲ್ಲಿ ಹಸಿರಾಗಿ ಚಿಗುರಿದ್ದ ದಾಸವಾಳ, "ಏನಮ್ಮಾ, ಎಲೆ ಅಂದರೆ ಹಸಿರಾಗಿರಬೇಕೆಂದು ನಿನಗೆ ಯಾರೂ ಹೇಳಿಕೊಡಲಿಲ್ಲವೇ?" ಎಂದು ಕೇಳಿತು.

"ಎಳೆಯ ಮೈ ಅಕ್ಕಾ, ಬಿಸಿಲು ತಡೆಯದು. ಬಲಿಯುವ ತನಕ ಈ ಕೆಂಪನ್ನು ಹೊದ್ದುಕೊಂಡಿರುತ್ತೇನೆ," ಎಂದಿತು ಮಾವಿನ ಚಿಗುರು.

ಅಷ್ಟರಲ್ಲಿ ಹಸಿದ ಮಿಡತೆಯೊಂದು ಬಂದು ಮಾವಿನ ಮೇಲೆ ಕೂತಿತು. ಅದರ ಕಣ್ಣಿಗೆ ಕೆಂಪು ಕಾಣದು. ಚಿಗುರೆಲ್ಲ ಒಣಗಿ ಕಪ್ಪಾದಂತೆ ತೋರಿತು.

"ಛೆ! ಏನು ಕಾಯಿಲೆ ನಿನಗೆ?"

"ಇನ್ನೆಷ್ಟು ದಿನವೋ ಸ್ವಾಮಿ. ತಾವು ದೊಡ್ಡವರು, ದೂರವಿರಿ. ಅಂಟಿಕೊಂಡೀತು."

ಮಿಡತೆ ಗಾಬರಿಯಾಗಿ ದಾಸವಾಳಕ್ಕೆ ಹಾರಿತು. "ಆಹಾ, ಆರೋಗ್ಯವೆಂದರೆ ಇದು!" ಎಂದು ಬಾಯಿ ತುಂಬ ಹೊಗಳಿತು.

"ಕೇಳಿದೆಯಾ? ತಿಳಿದವರ ಮಾತು!" ಎಂದು ದಾಸವಾಳ ಮಾವಿನ ಕಡೆ ತಿರುಗಿ ಬೀಗಿತು. ಮಿಡತೆ ಹೊಗಳುತ್ತಲೇ ತಿಂದಿತು, ತಿನ್ನುತ್ತಲೇ ಹೊಗಳಿತು. ಸಂಜೆಗೆ ದಾಸವಾಳದಲ್ಲಿ ಕಡ್ಡಿ ಮಾತ್ರ ಉಳಿಯಿತು.

ಮೂರು ವಾರ ಕಳೆದು ಮಿಡತೆ ಮತ್ತೆ ಬಂದಾಗ ಮಾವಿನ ಎಲೆ ಬಲಿತು ಹಚ್ಚಗಾಗಿತ್ತು. ಆಸೆಯಿಂದ ಕಚ್ಚಿ ನೋಡಿತು, ದವಡೆ ನೋವಾಯಿತೇ ಹೊರತು ಎಲೆ ಹರಿಯಲಿಲ್ಲ.

"ಪೂರ್ತಿ ಗುಣವಾಯಿತೇ?" ಎಂದಿತು ಮಿಡತೆ ಸಂಕಟದಿಂದ.

"ಎಲ್ಲ ತಮ್ಮ ಆಶೀರ್ವಾದ," ಎಂದಿತು ಎಲೆ.