ಆರಾಧನೆಗೆ ಬಾರದವಳು

ಡಿಸೆಂಬರ್ ಇಪ್ಪತ್ತಾರು. ಮೋಡ ಕವಿದಿತ್ತು, ಗಾಳಿ ಇರಲಿಲ್ಲ.

ಸುನಾಮಿಯಲ್ಲಿ ಸತ್ತವರ ನೆನಪಿಗೆ ಆ ಸಂಜೆ ನದಿ ದಂಡೆಯ ಆಶ್ರಮದಲ್ಲಿ ಪ್ರಾರ್ಥನೆ ಇತ್ತು. ಶಿಷ್ಯ ಎಜ್ರ ಮೊದಲ ಸಲ ಸಭೆಯ ಮುಂದೆ ನಿಂತು ಪ್ರಸಂಗ ಮಾಡುವವನಿದ್ದ. ಸತ್ತವರಿಗೆ ಒಂದೊಂದರಂತೆ ಮರಳಲ್ಲಿ ಮೇಣದಬತ್ತಿ ನೆಡುತ್ತಲೇ ಆ ಪ್ರಸಂಗವನ್ನು ಗುರುಗಳಿಗೆ ಒಪ್ಪಿಸಿದ.

“ಆ ಭಾನುವಾರ ನಮ್ಮೂರಿಗೆ ಸಮುದ್ರ ನುಗ್ಗಿತು. ದಿಬ್ಬದ ಮೇಲಿನ ಚರ್ಚಿನಲ್ಲಿ ಆರಾಧನೆಗೆ ಕೂತವರೆಲ್ಲ ಉಳಿದರು. ಆರಾಧನೆ ಬಿಟ್ಟು ಕೆಳಗಿದ್ದವರು ಉಳಿಯಲಿಲ್ಲ. ದೇವರು ತನ್ನವರನ್ನು ಕಾಯುತ್ತಾನೆ.”

ಗುರು ದೇವಸಹಾಯ ಅಯ್ಯನವರು ಆಗ ಆ ಊರಿನ ಸಭಾಪಾಲಕರು. ತಬ್ಬಲಿಯಾದ ಎಜ್ರನನ್ನು ಇಲ್ಲಿಗೆ ತಂದು ಸಾಕಿದವರೂ ಅವರೇ.

“ಬಾಯಿಪಾಠ ಚೆನ್ನಾಗಿದೆ,” ಎಂದರು. “ನಿನ್ನ ತಾಯಿಯ ಬತ್ತಿ ಯಾವುದು?”

ಎಜ್ರ ತಲೆ ಎತ್ತಲಿಲ್ಲ. “ಅವಳಿಗೆ ಹಚ್ಚುತ್ತಿಲ್ಲ, ಅಯ್ಯನವರೇ. ಅವತ್ತು ಅವಳೂ ಕೆಳಗಿದ್ದಳಂತೆ. ನನ್ನನ್ನು ಚರ್ಚಿನಲ್ಲಿ ಬಿಟ್ಟು ಎದ್ದು ಹೋದಳಂತೆ. ಊರವರು ಹೇಳಿದರು.”

“ಅದಕ್ಕೆ?”

“ಒಬ್ಬನೇ ಇದ್ದಾಗ ಅವಳಿಗಾಗಿ ಕ್ಷಮೆ ಬೇಡುತ್ತೇನೆ. ಸಭೆಯ ಮುಂದೆ ಹೆಸರೆತ್ತಲು ನಾಚಿಕೆ.”

ಗುರುಗಳು ಮಂಡಿ ಹಿಡಿದುಕೊಂಡು ಮೆಲ್ಲಗೆ ಅವನ ಪಕ್ಕ ಕೂತರು.

“ಕ್ರಿಸ್ಮಸ್ಸಿನ ಮಾರನೆಯ ದಿನ, ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ಏನಿರುತ್ತದೆ?”

“ಊಟ. ಎಲ್ಲರೂ ಒಟ್ಟಿಗೆ.”

“ಅದನ್ನು ಯಾರು ಬೇಯಿಸುತ್ತಾರೆ? ದೇವದೂತರೋ?”

ಎಜ್ರನಿಗೆ ನಗು ಬಂತು. “ದೇವದೂತರಾಗಿದ್ದರೆ ಉಪ್ಪು ಸರಿಯಾಗಿ ಬೀಳುತ್ತಿತ್ತು.”

ಗುರುಗಳು ನಗಲಿಲ್ಲ.

“ಆ ಊರಲ್ಲಿ ನಮ್ಮ ಅಡುಗೆ ಚಪ್ಪರ ಕೆಳಗೆ, ದಡದಲ್ಲಿತ್ತು.”

ಎಜ್ರನ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು.

“ಅಮ್ಮ ಅಡುಗೆಗೆ ಹೋಗಿದ್ದಳೇ?”

“ಹೌದು.”

“ಇಷ್ಟು ವರ್ಷ ನನಗೇಕೆ ಹೇಳಲಿಲ್ಲ?”

“ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಬಾಯಿ ಬರಲಿಲ್ಲ.”

“ಇದರಲ್ಲಿ ಬಾಯಿ ಬಾರದಂಥದ್ದು ಏನಿದೆ? ಅವಳಿಗೆ ಆರಾಧನೆಗಿಂತ ಅಡುಗೆ ಹೆಚ್ಚಾಯಿತು, ಅಷ್ಟೇ ತಾನೇ?”

ಗುರುಗಳು ನದಿಯ ಕಡೆ ನೋಡಿದರು.

“ಅವತ್ತು ಎಲ್ಲರಿಗಿಂತ ಮೊದಲು ಬಂದು ಕೂತವಳು ಅವಳು, ನಿನ್ನನ್ನು ಮಡಿಲಲ್ಲಿಟ್ಟುಕೊಂಡು. ‘ನನ್ನ ಪ್ರಸಂಗ ಉದ್ದವಿದೆ, ಜನ ಹಸಿದಿರುತ್ತಾರೆ, ಮಗು ಇಲ್ಲೇ ಇರಲಿ, ಹೋಗಿ ಅನ್ನಕ್ಕೆ ಎಸರಿಡು’ ಎಂದು ಅವಳನ್ನು ಎಬ್ಬಿಸಿ ಕಳಿಸಿದವನು ನಾನು.”